ಪಂಪ್‌ಸೆಟ್, ಫೌಂಡ್ರಿ, ಅಂತರ್ಜಲ: ಒಂದೇ ಬಿಲ್ಲಿಗೆ ಮೂವರು ಪಾಲುದಾರರು

ವಿದ್ಯುತ್ ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಕೇಳಿಬರುವ ದೂರುಗಳು ಎರಡು ಬೇರೆ ರಾಜ್ಯಗಳಿಂದ ಬಂದಂತಿರುತ್ತವೆ. ಹಸಿರು ಶಾಲಿನವರು ಎದ್ದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರಗಳಾದರೂ ಬದಲಿಸಿಲ್ಲ, ಪಂಪ್ ಓಡಿಸಲು ಏಳು ಗಂಟೆ ತ್ರೀಫೇಸ್ ಕರೆಂಟ್ ಎಂದು ಹೇಳಿ ಅರ್ಧವನ್ನೂ ಕೊಡುವುದಿಲ್ಲ, ಕೊಟ್ಟರೂ ನಡುರಾತ್ರಿಯಲ್ಲಿ ಕೊಡುತ್ತಾರೆ ಎನ್ನುತ್ತಾರೆ. ಅವರ ನಂತರ ಸಣ್ಣ ಕೈಗಾರಿಕೆಗಳ ಸಂಘದವರ ಸರದಿ. ಫಿಕ್ಸೆಡ್ ಚಾರ್ಜ್ ಕಟ್ಟಿ ಸಾಕಾಗಿದೆ, ಗಡಿಯಾಚೆ ಹೊಸೂರಿಗೆ ಹೋಗುವುದೇ ಲೇಸು ಎಂಬುದು ಅವರ ಮಾತು. ರೈತರಿಗೆ ಪುಕ್ಕಟೆ, ನಮಗೆ ಬರೆ ಎಂಬುದು ಎರಡನೆಯವರ ಒಳಮಾತು. ಕಂಪನಿಗಳಿಗೆ ಭೂಮಿ, ನೀರು, ರಿಯಾಯಿತಿ, ನಮಗೆ ಸುಟ್ಟ ಮೋಟರ್ ಎಂಬುದು ಮೊದಲನೆಯವರದು.

ಇಬ್ಬರ ಮಾತೂ ಬಹುಮಟ್ಟಿಗೆ ಸತ್ಯ. ಆದರೆ ಆ ಸಭೆಗೆ ಬರಲಾಗದ ಮೂರನೆಯ ಪಾಲುದಾರನೊಬ್ಬನಿದ್ದಾನೆ, ನೆಲದಡಿಯ ನೀರು. ವಿದ್ಯುತ್ ದರದ ಜಗಳವನ್ನು ಇಂಧನ ಇಲಾಖೆ ನೋಡಿಕೊಳ್ಳುತ್ತದೆ, ಅಂತರ್ಜಲ ಸಣ್ಣ ನೀರಾವರಿ ಇಲಾಖೆಯ ಪಾಲು, ಬಂಡವಾಳ ಹೂಡಿಕೆ ಕೈಗಾರಿಕೆ ಇಲಾಖೆಯದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹೀಗೆ ಅಕ್ಷರಶಃ ನಿಜವಾಗುವುದು ಅಪರೂಪ. ಮೂರನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿಟ್ಟು ನೋಡಿದರೆ ಜಗಳದ ರೂಪವೇ ಬದಲಾಗುತ್ತದೆ.

ಸಾವಿರ ಲೀಟರಿಗೆ ಎಷ್ಟು ಯೂನಿಟ್?

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು, ಹೈಸ್ಕೂಲಿನದೇ ಸಾಕು. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಆಳದಿಂದ ಮೇಲೆತ್ತಲು, ಯಾವ ನಷ್ಟವೂ ಇಲ್ಲದಿದ್ದರೆ, ಸುಮಾರು 0.83 ಯೂನಿಟ್ ವಿದ್ಯುತ್ ಬೇಕು. ಹೊಲದ ಮೋಟರಿನಲ್ಲಿ ನಷ್ಟ ಇಲ್ಲದಿರುವುದುಂಟೇ? ಎರಡು ಮೂರು ಬಾರಿ ರಿವೈಂಡಿಂಗ್ ಆದ ಸಬ್‌ಮರ್ಸಿಬಲ್, ಏರಿಳಿಯುವ ವೋಲ್ಟೇಜ್, ಸಣ್ಣ ಪೈಪು. ದಕ್ಷತೆ ಶೇ 40 ಎಂದು ಹಿಡಿದರೂ ಸಾವಿರ ಲೀಟರಿಗೆ ಎರಡು ಯೂನಿಟ್ ಆಯಿತು.

ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು, ಎಂದರೆ 200 ಯೂನಿಟ್. ಹತ್ತು ಎಚ್‌ಪಿ ಮೋಟರ್ ದಿನಕ್ಕೆ ಏಳು ಗಂಟೆ ಓಡಿದರೆ ಸುಮಾರು 52 ಯೂನಿಟ್ ಉರಿಸುತ್ತದೆ. ಹಾಗಾಗಿ ಈ ಒಂದಂಗುಲಕ್ಕೆ ನಾಲ್ಕು ದಿನ ಹಿಡಿಯುತ್ತದೆ. ವಿದ್ಯುತ್ತನ್ನು ಕೊಂಡು, ಸಾಗಿಸಿ, ಹೊಲದ ಅಂಚಿಗೆ ತಲುಪಿಸುವ ಖರ್ಚು ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಹಿಡಿದರೆ ಒಂದೆಕರೆಯ ಒಂದಂಗುಲ ನೀರಿನ ಬೆಲೆ 1,600 ರೂಪಾಯಿ. ಇದೇ ನೀರು ನೂರು ಅಡಿಯಲ್ಲೇ ಸಿಕ್ಕಿದ್ದರೆ? ಅದರ ಹತ್ತನೇ ಒಂದು ಪಾಲು, 160 ರೂಪಾಯಿ.

ಕರ್ನಾಟಕದ ಇಂಧನ ನೀತಿಯ ಇಡೀ ಸಂಕಟ ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರದಿಂದ ಸಾವಿರದೈನೂರು ಅಡಿಯ ಕೊಳವೆಬಾವಿ ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ. ಹಿಂದಿನ ತಲೆಮಾರಿನ ತೆರೆದ ಬಾವಿಯಲ್ಲಿ ಎತ್ತುಗಳು ಕಪಿಲೆ ಹೊಡೆದು ತೆಗೆಯುತ್ತಿದ್ದ ನೀರನ್ನೇ ಇಂದು ಗ್ರಿಡ್ ಎತ್ತುತ್ತಿದೆ. ನೀರು ಕೆಳಗಿಳಿದಂತೆಲ್ಲ ಸಬ್ಸಿಡಿ ಮೇಲೇರುತ್ತದೆ. ರೈತನ ಜೇಬಿಗೆ ಇದರಿಂದ ಒಂದು ಪೈಸೆಯೂ ಹೆಚ್ಚು ಬರುವುದಿಲ್ಲ. ಅವನಿಗೆ ಸಿಗುವುದು ಅದೇ ಒಂದಂಗುಲ ನೀರು, ಸರ್ಕಾರಕ್ಕೆ ತಗಲುವ ಖರ್ಚು ಮಾತ್ರ ಹತ್ತು ಪಟ್ಟು. ಹೆಚ್ಚುವರಿ ಹಣ ನೆಲದಡಿಯ ಆಳವನ್ನು ಏರುವುದರಲ್ಲೇ ಶಾಖವಾಗಿ ಕರಗಿಹೋಗುತ್ತದೆ.

ಉಚಿತ ಎಂಬುದು ಎಲ್ಲಿಂದ ಬಂತು

ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ 2008ರಿಂದ ವಿದ್ಯುತ್ ಉಚಿತ. ಅದಕ್ಕೂ ಮೊದಲು ಎಚ್‌ಪಿ ಲೆಕ್ಕದ ನಾಮಮಾತ್ರ ದರವಿತ್ತು, ಬಹುಪಾಲು ವಸೂಲಾಗುತ್ತಿರಲಿಲ್ಲ. ಪಂಜಾಬ್, ತಮಿಳುನಾಡು, ಆಂಧ್ರಗಳು ನಮಗಿಂತ ಮೊದಲೇ ಈ ಹಾದಿ ಹಿಡಿದಿದ್ದವು. ಇಂದು ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಐಪಿ ಸೆಟ್‌ಗಳಿವೆ (ನೀರಾವರಿ ಪಂಪ್‌ಸೆಟ್‌ಗಳ ಇಲಾಖಾ ಹೆಸರು). ವಿದ್ಯುತ್ ವಿತರಿಸುವ ಸರ್ಕಾರಿ ಕಂಪನಿಗಳಾದ ಎಸ್ಕಾಂಗಳು ಮಾರುವ ವಿದ್ಯುತ್ತಿನಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಇವುಗಳಿಗೇ ಹೋಗುತ್ತದೆ. ಸರ್ಕಾರ ಇದಕ್ಕಾಗಿ ವರ್ಷಕ್ಕೆ ತೆರುವ ಸಬ್ಸಿಡಿ ಹತ್ತು ಸಾವಿರ ಕೋಟಿ ರೂಪಾಯಿಯನ್ನು ದಾಟಿದೆ.

ನಗರದಲ್ಲಿ ಕುಳಿತು ಇದನ್ನು ಓಟಿನ ರಾಜಕಾರಣ ಎಂದು ತಳ್ಳಿಹಾಕುವವರು ಒಂದು ಸಂಗತಿ ಮರೆಯುತ್ತಾರೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ರೈತನಿಗೆ ನೀರು ಹೊಲದ ಅಂಚಿಗೆ ಹರಿದುಬರುತ್ತದೆ, ಕಟ್ಟಬೇಕಾದ ನೀರಿನ ಕರ ಅತ್ಯಲ್ಪ. ಅಣೆಕಟ್ಟು, ನಾಲೆ, ತೂಬು ಎಲ್ಲವೂ ಸಾರ್ವಜನಿಕ ಹಣದ್ದು. ನಾಲೆಯೇ ಇಲ್ಲದ ಪಾವಗಡದ ರೈತ ಸಾಲ ಮಾಡಿ ತಾನೇ ಬೋರ್ ಕೊರೆಸುತ್ತಾನೆ. ನೀರು ಬೀಳದಿದ್ದರೆ ಕೇಸಿಂಗ್ ಪೈಪಿನ ಸಮೇತ ಸಾಲ ನೆಲದಲ್ಲಿ ಉಳಿಯುತ್ತದೆ. ಬಯಲುಸೀಮೆಯ ಪಾಲಿಗೆ ಉಚಿತ ವಿದ್ಯುತ್ ಎಂದರೆ ಕಟ್ಟದೇ ಹೋದ ನಾಲೆಗೆ ಕೊಟ್ಟ ಪರಿಹಾರ. ಇದನ್ನು ಒಪ್ಪದೆ ಸುಧಾರಣೆಯ ಮಾತೆತ್ತಿದರೆ ಯಾವ ಹಳ್ಳಿಯೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಪರಿಹಾರ ಕೊಡುವುದರಲ್ಲಿ ತಪ್ಪಿಲ್ಲ. ಅದನ್ನು ಯೂನಿಟ್ಟಿಗೆ ಕಟ್ಟಿಹಾಕಿದ್ದೇ ತೊಡಕು. ಹೆಚ್ಚು ಎಚ್‌ಪಿ, ಹೆಚ್ಚು ಬೋರ್, ಹೆಚ್ಚು ನೀರು ಬೇಡುವ ಬೆಳೆ ಇದ್ದವನಿಗೆ ಹೆಚ್ಚು ಸಬ್ಸಿಡಿ. ಕೊಳವೆಬಾವಿಯೇ ಇಲ್ಲದ, ಮಳೆ ನಂಬಿ ರಾಗಿ ಬಿತ್ತುವ ರೈತನಿಗೆ ಸೊನ್ನೆ. ಬಡವನ ಹೆಸರಿನಲ್ಲಿ ನಡೆಯುವ ಈ ಯೋಜನೆಯಲ್ಲಿ ಅತಿ ಬಡ ರೈತನೇ ಪಟ್ಟಿಯಿಂದ ಹೊರಗಿರುವುದು ಯಾರ ಭಾಷಣದಲ್ಲೂ ಬರುವುದಿಲ್ಲ.

ಹೊಲದಲ್ಲಿ ಇದು ಕಾಣುವ ರೀತಿ ಇನ್ನೂ ವಿಚಿತ್ರ. ತ್ರೀಫೇಸ್ ಯಾವಾಗ ಬರುತ್ತದೆಂದು ಗೊತ್ತಿಲ್ಲದ ರೈತ ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ರಾತ್ರಿ ಎರಡಕ್ಕೆ ಕರೆಂಟ್ ಬಂದೊಡನೆ ಮೋಟರ್ ತಾನಾಗಿ ಹೊರಡುತ್ತದೆ. ಹಾವು, ಚಿರತೆಗಳ ಭಯಕ್ಕೆ ಅಷ್ಟು ಹೊತ್ತಿನಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ನೋಡಿದರೆ ಒಂದು ಮಡಿ ಕೆರೆಯಾಗಿದೆ, ಪಕ್ಕದ ಮಡಿ ಒಣಗಿದೆ. ಸಾಲದ್ದಕ್ಕೆ ಫೀಡರಿನ (ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗ) ಎಲ್ಲ ಆಟೋ ಸ್ಟಾರ್ಟರ್‌ಗಳೂ ಒಂದೇ ಗಳಿಗೆಯಲ್ಲಿ ಜಿಗಿಯುವುದರಿಂದ ವೋಲ್ಟೇಜ್ ಕುಸಿದು ಟಿಸಿ ಸುಡುತ್ತದೆ. ಯೂನಿಟ್ಟಿಗೆ ಬೆಲೆಯಿಲ್ಲ, ಬರುವ ಹೊತ್ತಿಗೂ ಖಾತ್ರಿಯಿಲ್ಲ ಎಂದಾಗ ಬಂದದ್ದನ್ನೆಲ್ಲ ಎತ್ತಿಡುವುದೇ ಜಾಣತನವಾಗುತ್ತದೆ.

ಬಿಲ್ಲು ಕಾರ್ಖಾನೆಗೆ ತಲುಪುವ ದಾರಿ

ಸಬ್ಸಿಡಿಯನ್ನು ಸರ್ಕಾರ ಕಟ್ಟುತ್ತದೆಂದಮೇಲೆ ಉದ್ಯಮಗಳಿಗೆ ಏನು ನೋವು? ಮೂರು ಕೊಳವೆಗಳಲ್ಲಿ ಅದು ಅವರತ್ತ ಹರಿಯುತ್ತದೆ.

ಮೊದಲನೆಯದು ನೇರ. ಕೆಲವು ವರ್ಗದ ಬಳಕೆದಾರರಿಗೆ ಪೂರೈಕೆ ವೆಚ್ಚಕ್ಕಿಂತ ಹೆಚ್ಚು ದರ ಹಾಕಿ ಉಳಿದವರ ಕೊರತೆಯನ್ನು ತುಂಬುವ ಪದ್ಧತಿಗೆ ಅಡ್ಡ ಸಬ್ಸಿಡಿ ಎನ್ನುತ್ತಾರೆ. ರಾಷ್ಟ್ರೀಯ ದರ ನೀತಿಯ ಪ್ರಕಾರ ಯಾವ ವರ್ಗದ ದರವೂ ಸರಾಸರಿ ವೆಚ್ಚದಿಂದ ಶೇ 20ಕ್ಕಿಂತ ಆಚೀಚೆ ಹೋಗಬಾರದು. ಮಾಲ್, ಹೋಟೆಲ್‌ಗಳಂಥ ವಾಣಿಜ್ಯ ಬಳಕೆದಾರರು ಈ ಹೊರೆಯನ್ನು ಹೆಚ್ಚಾಗಿ ಹೊತ್ತಿದ್ದಾರೆ.

ಎರಡನೆಯದು ವಿಳಂಬದ ಬಡ್ಡಿ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಸಬ್ಸಿಡಿಯನ್ನು ಮುಂಗಡವಾಗಿಯೇ ಕೊಡಬೇಕು. ಅದು ತಡವಾದಾಗ ಎಸ್ಕಾಂ ಸಾಲ ತಂದು ವಿದ್ಯುತ್ ಕೊಳ್ಳುತ್ತದೆ, ಆ ಭಾರ ಒಂದಲ್ಲ ಒಂದು ರೂಪದಲ್ಲಿ ಬಿಲ್ಲು ಕಟ್ಟುವವರ ಮೇಲೆ ಬೀಳುತ್ತದೆ.

ಮೂರನೆಯದು ಸದ್ದಿಲ್ಲದ್ದು, ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟದ್ದು. ಬಹುಪಾಲು ಐಪಿ ಸೆಟ್‌ಗಳಿಗೆ ಮೀಟರ್ ಇಲ್ಲ. ಫೀಡರ್ ಅಥವಾ ಆಯ್ದ ಟಿಸಿಗಳ ಮೀಟರ್ ನೋಡಿ ಬಳಕೆಯನ್ನು ಅಂದಾಜಿಸಲಾಗುತ್ತದೆ. ಅಂದಾಜು ಎಂದಮೇಲೆ ಕಳ್ಳತನ, ತಂತಿಯ ನಷ್ಟ, ಲೆಕ್ಕತಪ್ಪು ಎಲ್ಲಕ್ಕೂ ಅಡಗಲು ಜಾಗ ಸಿಗುತ್ತದೆ. ನಷ್ಟ ಕಡಿಮೆ ತೋರಿಸಬೇಕೆಂದರೆ ಪಂಪ್‌ಸೆಟ್ಟಿನ ಬಳಕೆ ಹೆಚ್ಚು ತೋರಿಸಿದರಾಯಿತು ಎಂಬ ಆಕ್ಷೇಪ ಇಂದು ನಿನ್ನೆಯದಲ್ಲ. ರೈತ ನಿಜವಾಗಿ ಎಷ್ಟು ಬಳಸುತ್ತಾನೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲದಿರುವಾಗ ಅವನ ಹೆಸರಿನಲ್ಲಿ ಸಾವಿರಾರು ಕೋಟಿ ಖರ್ಚಾಗುತ್ತಿದೆ.

ಈಗ ಕಾರ್ಖಾನೆಯ ಒಳಗೆ ಹೋಗೋಣ. ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳಲ್ಲಿ, ಅಂದರೆ ಲೋಹ ಎರಕದ ಕಾರ್ಖಾನೆಗಳಲ್ಲಿ, ಇಂಡಕ್ಷನ್ ಫರ್ನೇಸ್ ಎಂಬ ವಿದ್ಯುತ್ ಕುಲುಮೆ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಡುತ್ತದೆ. ಯೂನಿಟ್ಟಿಗೆ ಒಂದು ರೂಪಾಯಿ ವ್ಯತ್ಯಾಸವೆಂದರೆ ಟನ್ನಿಗೆ 600 ರೂಪಾಯಿ. ವಾಹನದ ಬಿಡಿಭಾಗ ಕೊಳ್ಳುವ ದೊಡ್ಡ ಕಂಪನಿ ಕೊಲ್ಹಾಪುರದಿಂದಲೂ ಕೊಯಮತ್ತೂರಿನಿಂದಲೂ ದರ ತರಿಸಿಕೊಂಡೇ ಆರ್ಡರ್ ಕೊಡುತ್ತದೆ. ಅಲ್ಲಿ ಆರುನೂರು ರೂಪಾಯಿ ಸಣ್ಣ ಮೊತ್ತವಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಇದೇ ಒಂದು ರೂಪಾಯಿ ಕಾಫಿಯ ಖರ್ಚಿನಲ್ಲಿ ಮುಚ್ಚಿಹೋಗುತ್ತದೆ. ರಾಜ್ಯದ ಸ್ಪರ್ಧಾತ್ಮಕತೆ ಎಂದು ಒಟ್ಟಾಗಿ ಮಾತಾಡುವವರು ಈ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ಹಾಕುತ್ತಾರೆ. ಫೌಂಡ್ರಿಯವನಿಗೆ ದರದಷ್ಟೇ ಮುಖ್ಯ ನಿರಂತರತೆ. ಕರಗಿದ ಲೋಹ ಫರ್ನೇಸಿನಲ್ಲಿರುವಾಗ ಕರೆಂಟ್ ಹೋದರೆ ಲೋಹ ಹೆಪ್ಪುಗಟ್ಟಿ ಒಳಗಿನ ಲೈನಿಂಗ್ ಹಾಳಾಗುತ್ತದೆ. ಆ ನಷ್ಟ ಯಾವ ದರಪಟ್ಟಿಯಲ್ಲೂ ಕಾಣುವುದಿಲ್ಲ.

ದೊಡ್ಡವರಿಗೆ ಇನ್ನೊಂದು ಬಾಗಿಲಿದೆ. ಮುಕ್ತ ಪ್ರವೇಶ ಎಂಬ ವ್ಯವಸ್ಥೆಯಲ್ಲಿ ದೊಡ್ಡ ಬಳಕೆದಾರರು ಎಸ್ಕಾಂ ಬಿಟ್ಟು ಸೌರ, ಪವನ ಘಟಕಗಳಿಂದ ನೇರವಾಗಿ ವಿದ್ಯುತ್ ಕೊಳ್ಳಬಹುದು. 2018ರ ಮಾರ್ಚ್ ಒಳಗೆ ಶುರುವಾದ ಸೌರ ಘಟಕಗಳಿಗೆ ಹತ್ತು ವರ್ಷ ಸಾಗಣೆ ಶುಲ್ಕ, ಅಡ್ಡ ಸಬ್ಸಿಡಿ ಸರ್ಚಾರ್ಜ್‌ಗಳಿಂದ ಕರ್ನಾಟಕ ವಿನಾಯಿತಿ ಕೊಟ್ಟಿತು. ಸೌರವಿದ್ಯುತ್ತಿಗೆ ಅದು ಒಳ್ಳೆಯದಾಯಿತು, ಎಸ್ಕಾಂಗಳು ಮಾತ್ರ ಅತಿ ಹೆಚ್ಚು ದರ ಕಟ್ಟುವ ಗಿರಾಕಿಗಳನ್ನು ಕಳೆದುಕೊಂಡವು. ಉಳಿದವರು ಪೀಣ್ಯದ ಒಂದು ಶೆಡ್ಡಿನ ಲೇತ್ ಮಾಲೀಕನಂಥವರು. ದೊಡ್ಡವರು ಹೋದಷ್ಟೂ ಉಳಿದವರ ತಲೆಗೆ ಹೆಚ್ಚು ಭಾರ, ಭಾರ ಹೆಚ್ಚಾದಷ್ಟೂ ಇನ್ನಷ್ಟು ಜನ ಹೋಗುತ್ತಾರೆ. 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು ಈ ಬಾಗಿಲನ್ನು 100 ಕಿಲೋವ್ಯಾಟ್ ಬಳಕೆದಾರರಿಗೂ ತೆರೆದಿವೆ. ಆ ಮಿತಿಗೂ ಕೆಳಗಿರುವವನ ಪರವಾಗಿ ಮಾತಾಡುವವರು ಕಡಿಮೆ.

ಆಯೋಗಕ್ಕೆ ಇದು ಗೊತ್ತಿಲ್ಲವೆಂದಲ್ಲ. 2024ರ ಫೆಬ್ರುವರಿಯ ಆದೇಶದಲ್ಲಿ ಎಚ್‌ಟಿ (ಹೆಚ್ಚು ವೋಲ್ಟೇಜಿನ ಸಂಪರ್ಕವಿರುವ) ಕೈಗಾರಿಕೆಗಳಿಗೆ ಯೂನಿಟ್ಟಿಗೆ 50 ಪೈಸೆ ಇಳಿಸಿತು, ವಾಣಿಜ್ಯ ವರ್ಗಕ್ಕೆ ಅದಕ್ಕಿಂತ ಹೆಚ್ಚು. ಮರುವರ್ಷವೇ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗಾಗಿ 36 ಪೈಸೆಯ ಸರ್ಚಾರ್ಜ್ ಬಂತು. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋಯಿತೆಂದು ಉದ್ಯಮಿಗಳು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಬರ ಬಂದಾಗ ಎಲ್ಲ ಒಟ್ಟಿಗೆ

ಇವೆಲ್ಲ ಬೇರೆ ಬೇರೆ ಸಮಸ್ಯೆಗಳೆಂದು ಭಾವಿಸುವವರಿಗೆ 2023 ಸಾಕ್ಷಿ. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಗಾಲದಲ್ಲಿ ನಿಂತಿರಬೇಕಾದ ಪಂಪ್‌ಸೆಟ್‌ಗಳು ಒಟ್ಟಿಗೆ ಓಡತೊಡಗಿದವು. ಅದೇ ಮಳೆ ಇಲ್ಲದ್ದರಿಂದ ಲಿಂಗನಮಕ್ಕಿ ತುಂಬಲಿಲ್ಲ, ರಾಜ್ಯದ ಅತಿ ಅಗ್ಗದ ಶರಾವತಿಯ ಜಲವಿದ್ಯುತ್ತನ್ನು ಹಿಡಿದು ಹಿಡಿದು ಬಳಸಬೇಕಾಯಿತು. ಬೇಡಿಕೆ ಏರುವುದೂ ಅಗ್ಗದ ಪೂರೈಕೆ ಇಳಿಯುವುದೂ ಒಂದೇ ಕಾರಣಕ್ಕೆ, ಒಂದೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್‌ಗೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು. ಪಂಪ್‌ಸೆಟ್‌ಗಳ ಅವಧಿಯನ್ನು ಐದು ಗಂಟೆಗೆ ಇಳಿಸಲು ಹೊರಟು, ರೈತರ ಪ್ರತಿಭಟನೆಯ ನಂತರ ಏಳಕ್ಕೆ ಮರಳಿತು.

ಅದರ ಬೆನ್ನಿಗೇ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸರದಿ. ನಗರದ ಅಂಚಿನ ಬಡಾವಣೆಗಳ ಕೊಳವೆಬಾವಿಗಳು ಒಣಗಿ, ಟ್ಯಾಂಕರ್ ದರ ಗಗನಕ್ಕೇರಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಹೇಳಬೇಕಾಯಿತು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ಸಾಮರ್ಥ್ಯ ಬಂತು. ಆದರೆ ಕಾವೇರಿ ಬೆಂಗಳೂರಿಗೆ ಹರಿದು ಬರುವುದಿಲ್ಲ, ಏರಿ ಬರುತ್ತದೆ. ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ, ಸುಮಾರು ನೂರು ಕಿಲೋಮೀಟರ್ ದೂರ, ಸರಿಸುಮಾರು ಅರ್ಧ ಕಿಲೋಮೀಟರ್ ಎತ್ತರ. ಸಾವಿರ ಅಡಿಯ ಕೊಳವೆಬಾವಿಯನ್ನು ಆಡಿಕೊಳ್ಳುವ ನಗರ ತಾನು ಅದಕ್ಕಿಂತ ಹೆಚ್ಚು ಎತ್ತರಕ್ಕೆ ನೀರೆಳೆದು ಕುಡಿಯುತ್ತಿದೆ. ಜಲಮಂಡಳಿಯ ಅತಿ ದೊಡ್ಡ ಖರ್ಚು ವಿದ್ಯುತ್ ಬಿಲ್ಲೇ. ಹಾಗಿದ್ದೂ 2014ರ ನಂತರ ನೀರಿನ ದರ ಮುಟ್ಟಲು 2025ರ ಏಪ್ರಿಲ್‌ವರೆಗೆ ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ. ಉಚಿತದ ಚಟ ಹಳ್ಳಿಗಷ್ಟೇ ಅಂಟಿದ್ದಲ್ಲ.

ಕೋಲಾರದ ವಿಷಯದಲ್ಲಿ ಚರಿತ್ರೆಯ ವ್ಯಂಗ್ಯವೊಂದಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ತಲುಪಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ಉದ್ಯಮಕ್ಕಾಗಿ ಕಾವೇರಿಯ ಶಕ್ತಿಯನ್ನು ಮೊದಲು ಪಡೆದ ಆ ಜಿಲ್ಲೆಗೆ ಈಗ ಬೆಂಗಳೂರು ಕುಡಿದು ಬಿಟ್ಟ ಕಾವೇರಿಯ ಕೊಳಚೆ, ಎರಡನೇ ಹಂತದವರೆಗೆ ಸಂಸ್ಕರಣೆಯಾಗಿ, ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಕೆರೆಗಳಿಗೆ ಬರುತ್ತಿದೆ. ಲಕ್ಷ್ಮೀಸಾಗರ ಕೆರೆ ತುಂಬಿದ ಮೇಲೆ ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಮೂರನೇ ಹಂತದ ಸಂಸ್ಕರಣೆ ಮಾಡದೆ ಬಿಡುವುದು ಸರಿಯೇ ಎಂಬ ಹೋರಾಟಗಾರರ ಪ್ರಶ್ನೆಯೂ ನಿಜವೇ. ನೀರಿನ ಮಟ್ಟ ಏರಿದ್ದನ್ನಷ್ಟೇ ತೋರಿಸಿ ಆ ಪ್ರಶ್ನೆಯನ್ನು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಆ ನೆಲದ ಟೊಮೆಟೊ ಮಾರಬೇಕಾದವರು ಅಲ್ಲಿನ ರೈತರೇ.

ಸೂರ್ಯ ಬಂದ ಮೇಲೆ

ಒಂದು ವಿಷಯದಲ್ಲಿ ಮಾತ್ರ ಕಾಲ ನಮ್ಮ ಕಡೆಗಿದೆ. ಮೊದಲು ಪಂಪ್‌ಸೆಟ್‌ಗಳಿಗೆ ರಾತ್ರಿ ಕರೆಂಟ್ ಕೊಡುತ್ತಿದ್ದದ್ದು ಗ್ರಿಡ್‌ನಲ್ಲಿ ಆಗ ಬಿಡುವು ಇದ್ದುದರಿಂದ. ಪಾವಗಡದಲ್ಲಿ 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವ್ಯಾಟ್ ಸೌರ ಪಾರ್ಕ್‌ನಂಥವು ಬಂದಮೇಲೆ ಲೆಕ್ಕ ತಿರುಗಿದೆ. ಅಗ್ಗದ ವಿದ್ಯುತ್ ಈಗ ನಡುಮಧ್ಯಾಹ್ನ ಸಿಗುತ್ತದೆ, ಕೊರತೆ ಕಾಡುವುದು ಸಂಜೆಯ ನಂತರ. 2025ರಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿದಾಗ ಅದನ್ನು ಹೊತ್ತದ್ದರಲ್ಲಿ ಸೂರ್ಯನ ಪಾಲು ದೊಡ್ಡದು. ಹಗಲು ಹೊತ್ತು ತ್ರೀಫೇಸ್ ಕೊಡಿ ಎಂಬ ರೈತರ ಹಳೆಯ ಬೇಡಿಕೆಯೂ ಗ್ರಿಡ್‌ನ ಅನುಕೂಲವೂ ಮೊದಲ ಬಾರಿಗೆ ಒಂದೇ ದಿಕ್ಕಿಗೆ ಮುಖಮಾಡಿವೆ. ಪಂಪ್‌ಸೆಟ್‌ಗಳಿಗೆ ಸೌರವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ‘ಸಿ’ ಭಾಗದಡಿ ಕೃಷಿ ಫೀಡರುಗಳಿಗೆ ಉಪಕೇಂದ್ರದ ಹತ್ತಿರವೇ ಸೌರ ಘಟಕ ಕಟ್ಟುವ ಕೆಲಸ ನಡೆದಿರುವುದು ಈ ಕಾರಣಕ್ಕೆ. ಗೌರಿಬಿದನೂರಿನ ತೊಂಡೇಭಾವಿಯಲ್ಲಿ ಅಂಥ ಘಟಕ ಶುರುವಾಗಿದೆ.

ಮಧ್ಯಾಹ್ನದ ವಿದ್ಯುತ್ತನ್ನು ಸಂಜೆಗೆ ಉಳಿಸುವುದು ಬೇರೆಯದೇ ಜಗಳ. ಶರಾವತಿ ಕಣಿವೆಯಲ್ಲಿ ಗೇರುಸೊಪ್ಪೆಯ ನೀರನ್ನು ಹಗಲು ತಲಕಳಲೆಗೆ ಎತ್ತಿ ರಾತ್ರಿ ಇಳಿಸುವ 2,000 ಮೆಗಾವ್ಯಾಟ್ ಯೋಜನೆ ಸಿಂಗಳೀಕಗಳ ಅಭಯಾರಣ್ಯದ ನಡುವೆ ಬರುತ್ತದೆ. ಮಲೆನಾಡು ಲಿಂಗನಮಕ್ಕಿಗಾಗಿ ಒಮ್ಮೆ ಮುಳುಗಿದೆ, ಮತ್ತೆ ಅದನ್ನೇ ಕೇಳುವುದು ನ್ಯಾಯವೇ ಎಂಬ ಪ್ರಶ್ನೆಗೆ ಯೂನಿಟ್ಟಿನ ಲೆಕ್ಕದಲ್ಲಿ ಉತ್ತರವಿಲ್ಲ.

ಸೂರ್ಯನಿಂದ ಸಬ್ಸಿಡಿ ಇಳಿಯುತ್ತದೆ, ಅಂತರ್ಜಲ ಉಳಿಯುತ್ತದೆಂಬ ಖಾತ್ರಿಯಿಲ್ಲ. ಗ್ರಿಡ್‌ಗೆ ಸೇರದ ಸೌರ ಪಂಪು ಬಿಸಿಲಿದ್ದಷ್ಟು ಹೊತ್ತೂ ನೀರೆತ್ತುತ್ತದೆ, ಏಳು ಗಂಟೆಯ ಕಡಿವಾಣವೂ ಇಲ್ಲ. ಉಳಿತಾಯಕ್ಕೆ ಬೆಲೆ ಕಟ್ಟದ ಯಾವ ಯೋಜನೆಯೂ ನೀರನ್ನು ಉಳಿಸದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ, ಮಿಕ್ಕ ಸೌರವಿದ್ಯುತ್ತನ್ನು ರೈತರಿಂದಲೇ ಕೊಳ್ಳುವ ಪ್ರಯೋಗಕ್ಕೆ ಕೈ ಹಾಕಿದ್ದು ಇದೇ ಯೋಚನೆಯಿಂದ. ಪಂಜಾಬ್ 2018ರಲ್ಲಿ ಇನ್ನೂ ಸರಳವಾಗಿ ಮಾಡಿತು. ಆಯ್ದ ಆರು ಫೀಡರುಗಳಲ್ಲಿ, ಒಪ್ಪಿದ ರೈತರ ಪಂಪಿಗೆ ಮೀಟರ್ ಹಾಕಿ ಇಷ್ಟು ಯೂನಿಟ್ ನಿನ್ನ ಪಾಲು ಎಂದು ನಿಗದಿಪಡಿಸಿ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ನಾಲ್ಕು ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಿತು. ಹೆಚ್ಚು ಬಳಸಿದರೆ ದಂಡವಿಲ್ಲ, ಬಿಲ್ಲೂ ಇಲ್ಲ.

ಇಲ್ಲಿಯ ಬಯಲುಸೀಮೆಯ ಲೆಕ್ಕಕ್ಕೆ ಇದನ್ನು ತಂದು ನೋಡೋಣ. ದಿನಕ್ಕೆ 52 ಯೂನಿಟ್ ಪಾಲಿರುವ ರೈತ ಹನಿ ನೀರಾವರಿ ಹಾಕಿಸಿ, ಆಟೋ ಸ್ಟಾರ್ಟರ್ ಕಿತ್ತು 20 ಯೂನಿಟ್ ಉಳಿಸಿದರೆ ದಿನಕ್ಕೆ 80 ರೂಪಾಯಿ, ತಿಂಗಳಿಗೆ 2,400. ಎಂಟು ರೂಪಾಯಿಯ ಯೂನಿಟ್ ಉಳಿದದ್ದರಿಂದ ಸರ್ಕಾರಕ್ಕೂ ಅಷ್ಟೇ ಲಾಭ. ದಿನಕ್ಕೆ ಹತ್ತು ಸಾವಿರ ಲೀಟರ್ ನೀರು ನೆಲದಲ್ಲೇ ಉಳಿಯುತ್ತದೆ. ಫೌಂಡ್ರಿಯವನ ಬಿಲ್ಲಿನಿಂದ ಬಳಕೆಯ ಅಂದಾಜು ಎಂಬ ಮಸುಕು ಹೋಗುತ್ತದೆ. ರೈತ ಸಂಘಟನೆಗಳು ಮೀಟರನ್ನು ವಿರೋಧಿಸುವುದು ಇಂದು ಮೀಟರ್, ನಾಳೆ ಬಿಲ್ಲು ಎಂಬ ಭಯದಿಂದ. ಅದು ಆಧಾರವಿಲ್ಲದ ಭಯವಲ್ಲ. ಮೀಟರಿನ ಜೊತೆಗೆ ಮೊದಲ ತಿಂಗಳೇ ಖಾತೆಗೆ ಹಣ ಬೀಳಬೇಕು, ಪಾಲಿನ ಯೂನಿಟ್ಟಿಗೆ ಎಂದೂ ದರ ಹಾಕುವುದಿಲ್ಲವೆಂಬ ಮಾತು ಕಾನೂನಿನಲ್ಲೇ ಇರಬೇಕು. ಕೊಳವೆಬಾವಿಯೇ ಇಲ್ಲದ ರಾಗಿ ಬೆಳೆಗಾರನಿಗೂ ಎಕರೆ ಲೆಕ್ಕದಲ್ಲಿ ಒಂದು ಪಾಲು ಇಟ್ಟರೆ ಹೊಸ ಬೋರ್ ಕೊರೆಸುವ ಆತುರವೂ ತಗ್ಗೀತು. ಇದನ್ನು ಇಡೀ ರಾಜ್ಯಕ್ಕೆ ಒಮ್ಮೆಲೇ ಹೇರಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಸೌರ ಘಟಕಕ್ಕೆ ಆಗಲೇ ಸೇರಿರುವ ಕೆಲವು ಫೀಡರುಗಳನ್ನು ಆರಿಸಿ, ಒಪ್ಪಿದ ರೈತರಿಂದ ಒಂದು ಬೇಸಿಗೆ ನಡೆಸಿ, ಟಿಸಿ ಟಿಸಿಯ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಸಾಕು.